ಕುವೋಪಿಯೊದಲ್ಲಿ ತೊಳೆದುಹೋದದ್ದು

ಬೆಂಗಳೂರು ವಿಮಾನ ನಿಲ್ದಾಣ

ತಪಾಸಣೆಯ ಹೆಣ್ಣುಮಗಳು ನನ್ನ ಕೈಚೀಲದಿಂದ ಸ್ಟೀಲಿನ ಊಟದ ಡಬ್ಬಿಯನ್ನು ಹೊರತೆಗೆದು, ಮುಚ್ಚಳ ಬಿಚ್ಚಿ, ಮೂಗಿನ ಹತ್ತಿರ ಹಿಡಿದಳು. ಒಳಗೆ ಐಸ್ ಚೀಲಗಳ ನಡುವೆ ಆರು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಗಳು. ಪ್ರತಿಯೊಂದರಲ್ಲೂ ಒದ್ದೆ ಕಾಗದದ ಮೇಲೆ ಮಲಗಿಸಿದ, ಹೆಬ್ಬೆರಳಿನಷ್ಟು ಉದ್ದದ ಒಂದು ಸಿಲಿಕಾನ್ ಬಿಲ್ಲೆ.

"ಏನ್ ಮೇಡಂ ಇದು?"

"ಹುರುಳಿಕಾಳಿನಿಂದ ತೆಗೆದ ಕಿಣ್ವ. ಇದರ ಮೇಲೆ ಅಂಟಿಸಿದ್ದೇವೆ."

"ಹುರುಳಿನಾ? ಬಸ್ಸಾರು ಮಾಡ್ತೀವಲ್ಲ, ಆ ಹುರುಳಿನಾ?"

ಹೌದೆಂದೆ. ಕಾಲೇಜಿನ ಪತ್ರ ತೋರಿಸಿದೆ. ಅವಳು ಪತ್ರ ಓದಲಿಲ್ಲ, ನನ್ನ ಮುಖ ಓದಿದಳು. "ಹೋಗಿ ಹೋಗಿ, ಚೆಲ್ಲಿಸ್ಕೋಬೇಡಿ" ಎಂದು ಡಬ್ಬಿಯನ್ನು ತಾನೇ ಮುಚ್ಚಿ ಕೊಟ್ಟಳು. ಅಲ್ಲಿಂದ ಫಿನ್ಲೆಂಡಿನವರೆಗೆ ಡಬ್ಬಿ ನನ್ನ ಎರಡು ಪಾದಗಳ ನಡುವೆಯೇ ಇತ್ತು.

ಆ ಬಿಲ್ಲೆಗಳು ನನ್ನವಲ್ಲ, ಗಿರಿಜಾಳವು. ಶಿರಗುಪ್ಪಿಯ ಮಗಳು, ಬೆಂಗೇರಿಯ ಸೊಸೆ, ಧಾರವಾಡದ ನಮ್ಮ ಲ್ಯಾಬಿನಲ್ಲಿ ಐದು ವರ್ಷದಿಂದ ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದವಳು. ಹಾಲಿಗೆ ಯೂರಿಯಾ ಬೆರೆಸುವವರಿದ್ದಾರಲ್ಲ, ಅದನ್ನು ಹಿಡಿಯುವ ಬಿಲ್ಲೆ ಮಾಡುವುದು ಅವಳ ಕೆಲಸ. ಹುರುಳಿಯಲ್ಲಿರುವ ಒಂದು ಕಿಣ್ವ ಯೂರಿಯಾವನ್ನು ಒಡೆಯುತ್ತದೆ. ಅದನ್ನು ಬಿಲ್ಲೆಗೆ ಭದ್ರವಾಗಿ ಅಂಟಿಸಿದರೆ, ಹಾಲಿನಲ್ಲಿ ಅದ್ದಿ, ತೊಳೆದು, ಮತ್ತೆ ಅದ್ದಬಹುದು. ಗಿರಿಜಾ ಹತ್ತು ಸಲ ಅದ್ದಿ ತೋರಿಸಿದ್ದಳು. ಪ್ರತಿ ಸಲವೂ ಬಿಲ್ಲೆಯ ಚುರುಕು ಒಂಚೂರು ಇಳಿಯುತ್ತಿತ್ತು. ಅದು ಕಿಣ್ವದ ದಣಿವು ಎಂದು ನಾವಿಬ್ಬರೂ ಬರೆದುಕೊಂಡಿದ್ದೆವು.

ಉಳಿದದ್ದು ಒಂದೇ ಪ್ರಶ್ನೆ. ಕಿಣ್ವವೆಂದರೆ ಒಂದು ಕ್ರಮದಲ್ಲಿ ಮಡಚಿ ಸುತ್ತಿಟ್ಟ ದಾರ. ಸುತ್ತು ಬಿಚ್ಚಿದರೆ ಕೆಲಸ ನಿಲ್ಲುತ್ತದೆ. ಬಿಲ್ಲೆಗೆ ಅಂಟಿದ ಮೇಲೂ ಅದರ ಸುತ್ತು ಹಾಗೇ ಇದೆಯೇ? ಇದನ್ನು ಅತಿಗೆಂಪು ಬೆಳಕು ಹಾಯಿಸಿ ನೋಡಬಹುದು. ನಮ್ಮಲ್ಲಿರುವ ಯಂತ್ರ ಪುಡಿಯನ್ನು ನೋಡುತ್ತದೆ. ನೀರಿನೊಳಗೆ ಕುಳಿತ ಅಷ್ಟು ತೆಳು ಪದರವನ್ನು ನೋಡಲಾರದು. ಫಿನ್ಲೆಂಡಿನ ಕುವೋಪಿಯೊ ಎಂಬ ಊರಿನ ಲ್ಯಾಬಿನವರು ಒಂದು ವಾರ ತಮ್ಮ ಯಂತ್ರ ಕೊಡಲು ಒಪ್ಪಿದ್ದರು. ಬಿಲ್ಲೆಗಳನ್ನೂ ಅವರೇ ಅಂಚು ಓರೆಯಾಗಿ ಕತ್ತರಿಸಿ ಅಂಚೆಯಲ್ಲಿ ಕಳಿಸಿದ್ದರು.

ಗಿರಿಜಾಳೇ ಹೋಗಬೇಕಿತ್ತು. ಆದರೆ ಅವಳು ಎಂಟು ತಿಂಗಳ ಬಸುರಿ. ಕುಬಸದ ದಿನವೂ ಹಸಿರು ಸೀರೆಯ ಮೇಲೆ ಬಿಳಿ ಕೋಟು ಹಾಕಿಕೊಂಡು ಲ್ಯಾಬಿಗೆ ಬಂದು ಬಿಲ್ಲೆ ನೋಡಿ ಹೋಗಿದ್ದಳು. ನೋಂದಣಿಯ ಅವಧಿ ಜನವರಿಗೆ ಮುಗಿಯುತ್ತಿತ್ತು. ಎರಡು ಸಲ ಮುಂದೂಡಿಸಿಯಾಗಿತ್ತು, ಮೂರನೆಯದಕ್ಕೆ ಅವಕಾಶವಿಲ್ಲ. ಅವಳ ಅತ್ತೆ ಹುಬ್ಬಳ್ಳಿ ನಿಲ್ದಾಣದವರೆಗೆ ಬಂದು ನನ್ನ ಕೈಗೆ ಚಕ್ಕಲಿ ಡಬ್ಬಿ ಕೊಡುತ್ತ ಹೇಳಿದ್ದರು: "ನೋಡ್ರಿ ಬಾಯಾರ, ಜನವರಿಗೆ ನಮ್ಮ ಸೊಸಿಗೆ ಎರಡೆರಡು ಹೆರಿಗಿ. ಒಂದನ್ನ ನಾವು ಬೀಗರು ನೋಡ್ಕೋತೇವಿ, ಇನ್ನೊಂದು ನಿಮ್ಮ ಕೈಯಾಗೈತಿ."

ಹೆಲ್ಸಿಂಕಿಯಿಂದ ರೈಲು

ನಾಲ್ಕು ತಾಸಿಗೂ ಹೆಚ್ಚಿನ ಹಾದಿ. ಕಾಡು, ಕೆರೆ, ಕಾಡು, ಕೆರೆ. ಕೆರೆ ಎಂದರೆ ನಮ್ಮ ಉಣಕಲ್ ಕೆರೆಯಂಥದ್ದಲ್ಲ, ಆಚೆ ದಂಡೆ ಕಾಣದಂಥದ್ದು. ನವೆಂಬರ್ ಕೊನೆ. ಮಧ್ಯಾಹ್ನ ಮೂರಕ್ಕೆ ಕಿಟಕಿ ಕಪ್ಪಾಯಿತು. ಆಮೇಲೆ ಅದರಲ್ಲಿ ನನ್ನ ಮುಖವೇ ಕಾಣುತ್ತ ಕೂತಿತು.

ಎದುರಿನ ಸೀಟಿನಲ್ಲಿ ನನ್ನದೇ ವಯಸ್ಸಿನ ಗಂಡಸು. ನಮ್ಮ ಸೊಲ್ಲಾಪುರ ಪ್ಯಾಸೆಂಜರ್ ಆಗಿದ್ದರೆ ಅಣ್ಣಿಗೇರಿ ಬರುವಷ್ಟರಲ್ಲಿ ಇವನ ಮಕ್ಕಳೆಷ್ಟು, ಮನೆ ಸ್ವಂತದ್ದೋ ಬಾಡಿಗೆಯದೋ, ಬೆನ್ನುನೋವಿಗೆ ಯಾವ ಡಾಕ್ಟರು ಎಲ್ಲ ತಿಳಿದಿರುತ್ತಿತ್ತು. ಇಲ್ಲಿ ಎರಡು ತಾಸು ಒಂದು ಕೆಮ್ಮೂ ಇಲ್ಲ. ತಡೆಯಲಾರದೆ ಚಕ್ಕಲಿ ಡಬ್ಬಿ ಚಾಚಿದೆ. ಅವನು ಒಂದು ತೆಗೆದುಕೊಂಡು, ಕೃತಜ್ಞತೆ ಹೇಳಿ, ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ. ನನ್ನೆದುರು ಕರುಮ್ ಕರುಮ್ ಎನ್ನಿಸಲು ನಾಚಿಕೆ ಇರಬೇಕು. ಕೊನೆಗೆ ಕಿಟಕಿಯ ಕಡೆ ಮುಖ ಮಾಡಿ, ಚೂರು ಚೂರೇ ಮುರಿದು ಬಾಯಲ್ಲಿ ಕರಗಿಸಿಕೊಂಡು ತಿಂದ. ಕುವೋಪಿಯೊ ಬಂದಾಗ ಮಾತಿಲ್ಲದೆ ನನ್ನ ಸೂಟ್‌ಕೇಸು ಇಳಿಸಿ ಹಿಮದ ಮೇಲಿಟ್ಟು ಮತ್ತೆ ಹತ್ತಿದ.

ಪೈವಿಯವರ ಅಡುಗೆಮನೆ

ಕುವೋಪಿಯೊ ಲ್ಯಾಬಿನ ಯಂತ್ರಗಳನ್ನು ನೋಡಿಕೊಳ್ಳುವವರು ಪೈವಿ. ಅರವತ್ತರ ಹತ್ತಿರದ ಹೆಂಗಸು, ಒಬ್ಬರೇ ಇರುವವರು. ತಮ್ಮ ಮನೆಯ ಮೇಲಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ಬಾಗಿಲಲ್ಲೇ ಚಪ್ಪಲಿ ಬಿಡುವ ಪದ್ಧತಿ ನೋಡಿ ಮನೆಗೇ ಬಂದಂತಾಯಿತು. ಆದರೆ ಊಟ ಆಯಿತೇ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಮೇಜಿನ ಮೇಲೆ ಇಡುತ್ತಾರೆ, ಹಸಿದವರು ತಿನ್ನುತ್ತಾರೆ. ಅಂಗೈಯಗಲದ ಕಪ್ಪು ಹಿಟ್ಟಿನ ರೊಟ್ಟಿಯೊಳಗೆ ಹಾಲಿನಲ್ಲಿ ಬೇಯಿಸಿದ ಅನ್ನ ತುಂಬಿ ಸುಟ್ಟ ಒಂದು ತಿಂಡಿ ಇತ್ತು. ನಾನು ಅದರ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡೆ. ಪೈವಿ ನೋಡಿ, ತಾವೂ ಉದುರಿಸಿಕೊಂಡು, ನೀರು ಕುಡಿದು, ಮತ್ತಷ್ಟು ಉದುರಿಸಿಕೊಂಡರು.

ಊಟದ ಮೇಲೆ ಪಾತ್ರೆ. ನಳ ಪೂರ್ತಿ ತಿರುವಿ, ಒಂದು ತಟ್ಟೆಯನ್ನು ಸುರಿಯುವ ನೀರಿನ ಕೆಳಗೆ ಹಿಡಿದು ತಿರುಗಿಸಿದರು. ಆಮೇಲೆ ಇನ್ನೊಂದು. ತಟ್ಟೆ ಬದಲಿಸುವಾಗಲೂ ನಳ ನಿಲ್ಲಿಸಲಿಲ್ಲ. ನನ್ನ ಕೈ ತಾನಾಗಿಯೇ ಹೋಗಿ ನಳ ಮುಚ್ಚಿತು. ಅವರು ಕಣ್ಣೆತ್ತಿದರು.

ಗೋಪನಕೊಪ್ಪದ ನಮ್ಮ ಮನೆಗೆ ನೀರು ವಾರಕ್ಕೊಮ್ಮೆ ಬರುತ್ತದೆ ಎಂದು ಹೇಳಿದೆ. ಅದಕ್ಕೇ ಪಾತ್ರೆಗಳಿಗೆ ಮೂರು ಬೋಗುಣಿ. ಮೊದಲನೆಯದರಲ್ಲಿ ಜಿಡ್ಡು ಬಿಡಿಸುವುದು, ಎರಡನೆಯದರಲ್ಲಿ ಜಾಲಿಸುವುದು, ಮೂರನೆಯದರಲ್ಲಿ ಅದ್ದಿ ತೆಗೆಯುವುದು. ಮೊದಲನೆಯ ನೀರು ಗಿಡಕ್ಕೆ. ಎರಡನೆಯದು ಮುಂದಿನ ಸರ್ತಿ ಮೊದಲನೆಯದಾಗುತ್ತದೆ, ಮೂರನೆಯದು ಎರಡನೆಯದು. ನನ್ನ ಅವ್ವನಿಂದ ಕಲಿತದ್ದು. ಸೊಕ್ಕಲ್ಲ, ಆದರೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಲ್ಯಾಬಿನಲ್ಲೂ ಹೀಗೇ ಮಾಡುತ್ತೇವೆ ಎಂದೆ. ನೀರನ್ನು ಬಟ್ಟಿ ಇಳಿಸುವ ಯಂತ್ರಕ್ಕೆ ನಳದ ನೀರು ಹರಿಯುತ್ತಿರಬೇಕು, ಅದು ನೀರು ಬಂದ ದಿನ ಮಾತ್ರ ಸಾಧ್ಯ. ಆದ್ದರಿಂದ ಶುದ್ಧ ನೀರು ನಮಗೆ ತುಪ್ಪವಿದ್ದಂತೆ. ಮೂರು ಬೀಕರ್, ಮೂರು ನೀರು. ನೋಡಲು ಬಂದವರೆಲ್ಲ ಮೆಚ್ಚಿಕೊಂಡು ಹೋಗಿದ್ದಾರೆ.

ಪೈವಿ ಒರೆಸುವ ಬಟ್ಟೆ ಮಡಚುತ್ತಿದ್ದರು. "ಬಿಲ್ಲೆಗಳನ್ನೂ ಹಾಗೇ ತೊಳೆದಿರಾ?" ಎಂದು ಕೇಳಿದರು.

"ಹೌದು. ಮೂರು ಸಲ."

"ಹೂಂ," ಎಂದರು. ಆ ಊರಿನಲ್ಲಿ "ಹೂಂ" ಎಂದರೆ ಮೆಚ್ಚುಗೆಯೋ ಸಂಶಯವೋ ತಿಳಿಯುವುದಿಲ್ಲ.

ಎರಡನೆಯ ದಿನ

ಬೆಳಗಿನ ಒಂಬತ್ತಕ್ಕೂ ಬೀದಿದೀಪಗಳು ಉರಿಯುತ್ತಿದ್ದವು. ಯಂತ್ರ ನಮ್ಮ ಹೊಲಿಗೆಯಂತ್ರದ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅದರೊಳಗೆ ಒಣಗಾಳಿ ಬಿಟ್ಟು ಅರ್ಧ ತಾಸು ಕಾಯಬೇಕು. ಗಾಳಿಯ ತೇವವೂ ಅದೇ ಬೆಳಕನ್ನು ನುಂಗುತ್ತದೆ. ಪೈವಿ ಮೊದಲ ಬಿಲ್ಲೆಯನ್ನು ಕೂರಿಸಿ, ಮೇಲೆ ನಿಂತ ನೀರಿನ ತೆಳು ಪೊರೆ ಬಿಟ್ಟು, ಮುಚ್ಚಳ ಹಾಕಿ ಕೂತರು. ಕಾಲು ತಾಸಿನ ಮೇಲೆ ನನಗೆ ತಡೆಯಲಾಗಲಿಲ್ಲ. ಬಿಲ್ಲೆ ಸರಿದಿದೆಯೇನೋ ಎಂದು ಮುಚ್ಚಳ ಎತ್ತಿ ಬಗ್ಗಿ ನೋಡಿದೆ, ಮನೆಯಲ್ಲಿ ಅನ್ನದ ಪಾತ್ರೆ ನೋಡುವ ಹಾಗೆ.

ಪರದೆಯ ಮೇಲಿನ ಗೆರೆ ಗರಗಸದ ಹಲ್ಲಾಯಿತು.

"ಅದು ನಿಮ್ಮ ಉಸಿರು," ಎಂದು ಪೈವಿ ಹಲ್ಲುಗಳನ್ನು ತೋರಿಸಿದರು. ಬೈಯಲಿಲ್ಲ. ಗಡಿಯಾರ ನೋಡಿ ಇನ್ನರ್ಧ ತಾಸು ಎಂದರು. ಇಬ್ಬರೂ ಉಣ್ಣೆಯ ಕಾಲುಚೀಲದಲ್ಲಿ ಕೂತು ಕಾಫಿ ಕುಡಿದೆವು.

ಆಮೇಲೆ ಬಂದ ಗೆರೆಯನ್ನು ನಾನು ಮರೆಯಲಾರೆ. ಎರಡು ಗುಡ್ಡ. ಮೊದಲನೆಯ ಗುಡ್ಡದ ಆಕಾರವೇ ಕಿಣ್ವದ ಸುತ್ತನ್ನು ಹೇಳುವುದು. ನೀರಿನಲ್ಲಿ ಕರಗಿಸಿದ ಅದೇ ಕಿಣ್ವದ ಗೆರೆಯನ್ನು ಪೈವಿ ಅದರ ಮೇಲೆ ಹೊದಿಸಿದರು. ಎರಡೂ ಒಂದೇ. ಎಲ್ಲೂ ಒಂದು ಎಳೆ ಹೆಚ್ಚುಕಡಿಮೆ ಇಲ್ಲ.

"ತುಂಬಾ ಚೆನ್ನಾಗಿದೆ," ಎಂದ ಪೈವಿ, ಸ್ವಲ್ಪ ತಡೆದು, "ಇರಬೇಕಾದ್ದಕ್ಕಿಂತ ಚೆನ್ನಾಗಿದೆ," ಎಂದರು.

ನಾನು ಎರಡನೆಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಗಲೇ ಫೋನು ತೆಗೆದಿದ್ದೆ.

"ಗಿರಿಜಾ, ಬಂತವಾ! ಸುತ್ತು ಇದ್ದಂಗ ಐತಿ, ಕೂದಲಿನಷ್ಟೂ ಫರಕಿಲ್ಲ!"

"ಖರೇನ್ರಿ ಮೇಡಮ್ಮರ? ನನ್ನ ಮ್ಯಾಲಾಣಿ ಮಾಡ್ರಿ!"

"ಆಣಿಪಾಣಿ ಏನಲೇ, ಕಣ್ಣೆದುರು ಐತಿ."

ಆಚೆ ಕಡೆ ಅವಳು ಕೂಗಿದ್ದು ಕೇಳಿಸಿತು. "ಅತ್ತೀ, ಒಂದು ಹೆರಿಗಿ ಆತ್ರಿ!" ಹಿಂದಿನಿಂದ ಅತ್ತೆಯ ದನಿ: "ಯಾವುದು ಆತವಾ, ಗಾಬರಿ ಮಾಡಬ್ಯಾಡ!" ನಗು. ಆ ದಿನವೇ ಅಧ್ಯಾಯ ಬರೆಯಲು ಕೂತಳಂತೆ. ಸಂಜೆ ಅದರ ಮೊದಲ ಪುಟದ ಚಿತ್ರ ಕಳಿಸಿದಳು.

ಮೂರನೆಯ ದಿನ

"ಈಗ ತೊಳೆಯೋಣ," ಎಂದರು ಪೈವಿ.

"ತೊಳೆದದ್ದೇ."

"ಹೌದು. ಆದರೂ."

ಬಿಲ್ಲೆಯ ಮೇಲೆ ಒಂದು ಕಡೆಯಿಂದ ನೀರು ಬಂದು ಇನ್ನೊಂದು ಕಡೆಯಿಂದ ಹೋಗುವಂತೆ ಸಣ್ಣ ಪಂಪು ಜೋಡಿಸಿದರು. ನೀರು ಹರಿಯುತ್ತಿರುವಾಗಲೇ ಹತ್ತು ನಿಮಿಷಕ್ಕೊಂದು ಗೆರೆ ತೆಗೆಯುವುದು. ಮೊದಲ ಹತ್ತು ನಿಮಿಷಕ್ಕೆ ಗುಡ್ಡ ಸ್ವಲ್ಪ ತಗ್ಗಿತು. ಇಪ್ಪತ್ತಕ್ಕೆ ಇನ್ನೂ ತಗ್ಗಿತು. ಒಂದು ತಾಸಿಗೆ ಅರ್ಧವಾಗಿತ್ತು. ಬಳಸಿದ ನೀರು ಕೆಳಗಿನ ದೊಡ್ಡ ಕ್ಯಾನಿಗೆ ಬೀಳುತ್ತಿತ್ತು. ನಾನು ಪರದೆ ನೋಡುವುದು ಬಿಟ್ಟು ಆ ಕ್ಯಾನನ್ನೇ ನೋಡುತ್ತ ಕೂತೆ. ಇಷ್ಟು ನೀರನ್ನು ನಾವು ಒಂದು ಬಿಲ್ಲೆಗೆ ಎಂದೂ ಕೊಟ್ಟಿರಲಿಲ್ಲ. ಆರು ಬಿಲ್ಲೆಗೂ ಸೇರಿ ಕೊಟ್ಟಿರಲಿಲ್ಲ.

ಎರಡು ತಾಸಿನ ಮೇಲೆ ಗೆರೆ ಇಳಿಯುವುದನ್ನು ನಿಲ್ಲಿಸಿತು. ಉಳಿದದ್ದು ಒಂದು ಸಣ್ಣ ದಿಬ್ಬ. ಅದರ ಆಕಾರವೂ ಬೇರೆ, ಚಪ್ಪಟೆ, ಅಗಲ. ಪೈವಿ ಬಿಡಿಸಿ ಹೇಳಬೇಕಾಗಲಿಲ್ಲ. ಅಂಟಿನ ರಾಸಾಯನಿಕ ನಿಜವಾಗಿ ಹಿಡಿದುಕೊಂಡಿದ್ದು ಆ ಕೆಳಗಿನ ತೆಳು ಪದರವನ್ನು ಮಾತ್ರ, ಹಿಡಿದ ರಭಸಕ್ಕೆ ಅದರ ಸುತ್ತು ಬಿಚ್ಚಿಹೋಗಿತ್ತು. ನಿನ್ನೆ ನಾವು ಕಂಡ ಚೆಂದದ ಗುಡ್ಡ, ಅದರ ಮೇಲೆ ಸುಮ್ಮನೆ ಕೂತಿದ್ದ ಕಿಣ್ವ. ಯಾವುದೂ ಹಿಡಿದಿರಲಿಲ್ಲ, ಅದಕ್ಕೇ ಅಷ್ಟು ಆರಾಮಾಗಿತ್ತು. ನಮ್ಮ ಮೂರು ಬೀಕರಿನಲ್ಲಿ ಅದು ಹೋಗಿರಲಿಲ್ಲ. ಹೋಗುವುದೆಲ್ಲಿಗೆ? ಹಿಂದಿನ ಬಿಲ್ಲೆ ತೊಳೆದ ನೀರೇ ಮುಂದಿನ ಬಿಲ್ಲೆಗೆ. ಅದರಲ್ಲೂ ಕಿಣ್ವ. ಬಿಟ್ಟುಹೋದಷ್ಟನ್ನು ಆ ನೀರೇ ಮತ್ತೆ ತಂದು ಹಚ್ಚುತ್ತಿತ್ತು. ಗಿರಿಜಾ ಹಾಲಿನಲ್ಲಿ ಅದ್ದಿದಾಗಲೆಲ್ಲ ಒಂಚೂರು ಇಳಿಯುತ್ತಿದ್ದದ್ದು ದಣಿವಲ್ಲ. ಹಾಲಿನ ಬಟ್ಟಲಿಗೆ ಹೋಗುತ್ತಿತ್ತು.

"ಹೋಯಿತು," ಎಂದೆ.

"ಹೌದು, ಹೋಯಿತು," ಎಂದರು ಪೈವಿ. ಸಮಾಧಾನದ ಮಾತು ಅವರಿಗೆ ಬರುವುದಿಲ್ಲ, ಅಥವಾ ಅವರಲ್ಲಿ ಅದು ಇಲ್ಲ. ನಮ್ಮಲ್ಲಾಗಿದ್ದರೆ ಹತ್ತು ಮಂದಿ ಹತ್ತು ದೇವರ ಹೆಸರು ಹೇಳುತ್ತಿದ್ದರು. ಅವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತೇ ಇದ್ದರು. ಆಮೇಲೆ, "ನಾಳೆ ಉಳಿದ ಐದನ್ನೂ ತೊಳೆಯಬೇಕು. ಒಂದು ಸಾಲದು," ಎಂದರು.

ಸಂಜೆ ಗಿರಿಜಾಳ ಫೋನು ಬಂತು. ಎತ್ತಲಿಲ್ಲ. ಮತ್ತೆ ಬಂತು, ಎತ್ತಲಿಲ್ಲ. ಕೋಣೆಯ ಕಿಟಕಿಯಲ್ಲಿ ಹೆಪ್ಪುಗಟ್ಟತೊಡಗಿದ ಸರೋವರದ ಅಂಚು ಕಾಣುತ್ತಿತ್ತು. ಮಂಚದ ಮೇಲೆ ಕೂತು ನೆನಪಿಸಿಕೊಂಡೆ. ಮೊದಲ ವರ್ಷ ಗಿರಿಜಾ ಒಂದು ಬಿಲ್ಲೆಯನ್ನು ಪಿಚಕಾರಿ ಬಾಟಲಿಯಿಂದ ನೀರು ಬಿಟ್ಟುಬಿಟ್ಟು ತೊಳೆಯುತ್ತಿದ್ದಳು. ನಾನು ಹಿಂದಿನಿಂದ ಹೋಗಿ ಅವಳ ಕೈ ಹಿಡಿದು ನಿಲ್ಲಿಸಿದ್ದೆ. "ನಿಮ್ಮಪ್ಪನ ಬಾವಿ ಐತೇನ ಇಲ್ಲಿ?" ಎಂದು ಎಲ್ಲರೆದುರು ಕೇಳಿದ್ದೆ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕು, ಬಾಟಲಿ ಕೆಳಗಿಟ್ಟಿದ್ದಳು. ಇನ್ನೊಮ್ಮೆ ಎತ್ತಲಿಲ್ಲ.

ಐದನೆಯ ದಿನ

ನಾಲ್ಕನೆಯ ದಿನ ಮೂರು ಬಿಲ್ಲೆ, ಐದನೆಯ ದಿನ ಎರಡು. ಎಲ್ಲವೂ ಇಳಿದವು. ಐದನೆಯ ದಿನ ಮಧ್ಯಾಹ್ನ ಮೂರೂವರೆಗೆ, ಹುಬ್ಬಳ್ಳಿಯಲ್ಲಿ ಆಗ ಸಂಜೆ ಏಳು, ನಾನೇ ಫೋನು ಮಾಡಿದೆ.

"ಏನ್ರಿ ಮೇಡಮ್ಮರ, ಫೋನ್ ಎತ್ತವಲ್ರಿ! ಥಂಡ್ಯಾಗ ಗಡ್ಡಿಗಟ್ಟೀರೇನ್ರಿ? ನಾ ಹದಿನಾರು ಪುಟ ಬರದೇನಿ."

"ಗಿರಿಜಾ, ಕೂತೀಯೇನು?"

"ಈ ಹೊಟ್ಟಿ ಹೊತ್ತು ನಿಂದ್ರತಾರೇನ್ರಿ? ಕೂತೇನಿ, ಹೇಳ್ರಿ."

ಹೇಳಿದೆ. ಪಂಪು, ಹತ್ತು ಹತ್ತು ನಿಮಿಷದ ಗೆರೆ, ಉಳಿದ ದಿಬ್ಬ, ಆರಕ್ಕೆ ಆರೂ. ಹಿಂದೆ ಕುಕ್ಕರಿನ ಸೀಟಿ ಕೂಗಿತು, ಯಾರೋ ಒಲೆ ಸಣ್ಣ ಮಾಡಿದರು.

"ಮೂರು ನೀರು ಸಾಕು ಅಂತ ನೀವ ಹೇಳಿದ್ರಿ," ಎಂದಳು.

"ಹೌದು, ನಾನ ಹೇಳಿದ್ದು."

"ನಾ ಕೇಳಿದ್ದೆ ನಿಮ್ಮನ್ನ. ಎರಡನೇ ವರ್ಷ. ಹರಿಯೋ ನೀರಿನಾಗ ಒಮ್ಮಿ ನೋಡೂಣೇನ್ರಿ ಅಂತ."

ಇದು ನನಗೆ ನೆನಪಿರಲಿಲ್ಲ. ಈಗಲೂ ನೆನಪಿಲ್ಲ. ಆದರೆ ಅವಳು ಸುಳ್ಳು ಹೇಳುವವಳಲ್ಲ.

ಆಮೇಲೆ ದನಿ ಇಳಿಸಿ ಕೇಳಿದಳು: "ಮೇಡಮ್ಮರ, ಆ ಮೊದಲನೇ ಗೆರಿ ಐತೆಲ್ಲರಿ. ತೊಳ್ಯೂಕಿಂತ ಮೊದಲಿಂದು. ಅದನ್ನಷ್ಟ ಹಾಕಿದ್ರ? ಯಾರಿಗೆ ತಿಳೀತೈತ್ರಿ?"

ಬೇಡ ಎನ್ನುವ ಹಕ್ಕು ನನಗಿದೆ ಎಂದು ಅನಿಸಲಿಲ್ಲ. ಹಾಕು ಎನ್ನಲು ನಾಲಿಗೆ ಏಳಲಿಲ್ಲ. ನಿಜ ಹೇಳುತ್ತೇನೆ, ಏಳುವುದರಲ್ಲಿತ್ತು.

ಅವಳೇ ಅಂದಳು: "ಬ್ಯಾಡ ಬಿಡ್ರಿ. ಮಂದಿ ಹಾಲಿನಾಗಿನ ಕಲಬೆರಕಿ ಹಿಡಿಯಾಕ ಹೊಂಟಾಕಿ ನಾ." ನಕ್ಕಳೋ ಏನೋ, ಒಂದು ಸದ್ದು ಬಂತು. ಫೋನು ಇಟ್ಟಳು.

ಕೆಳಗೆ ಪೈವಿ ಪಾತ್ರೆ ತೊಳೆಯುತ್ತಿದ್ದರು. ನಳ ಸುರಿಯುತ್ತಲೇ ಇತ್ತು. ಈ ಸಲ ನಾನು ಮುಚ್ಚಲಿಲ್ಲ. ತೊಳೆದದ್ದನ್ನೆಲ್ಲ ತೊಟ್ಟಿಯ ಮೇಲಿನ ಕಪಾಟಿನಲ್ಲಿ ಜೋಡಿಸಿದೆ. ಆ ಕಪಾಟಿಗೆ ತಳವಿಲ್ಲ, ತಂತಿಯ ಸಾಲು ಮಾತ್ರ. ನೀರು ತಾನೇ ಸೋರಿ ಹೋಗುತ್ತದೆ. ಜಾಣ ಏರ್ಪಾಡು. ಬೇರೆ ಹೊತ್ತಿನಲ್ಲಿ ನೋಡಿದ್ದರೆ ಅಳತೆ ಬರೆದುಕೊಂಡು ಬರುತ್ತಿದ್ದೆ.

ಶಿರಗುಪ್ಪಿ

ಊರಿಗೆ ಮರಳಿದ ಎಂಟು ದಿನಕ್ಕೆ ಶಿರಗುಪ್ಪಿಗೆ ಹೋದೆ. ಗಿರಿಜಾ ಹೆರಿಗೆಗೆ ತವರಿಗೆ ಬಂದಿದ್ದಳು. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಪಾದಗಳು ಬಾತಿದ್ದವು. ಅವಳ ತಾಯಿ ಚಹಾ ತಂದಿಟ್ಟು, "ಫಾರಿನ್ ಹೆಂಗಿತ್ರಿ ಅಕ್ಕಾರ? ಭಾಳ ಛಲೋ ಅಂತಲ್ಲ?" ಎಂದು ಕೇಳಿದರು. ನೀರು ಬಹಳ ಇದೆ ಎಂದೆ. "ಪುಣ್ಯವಂತರು," ಎಂದು ಒಳಗೆ ಹೋದರು. ಮಗಳು ಅವರಿಗೆ ಏನೂ ಹೇಳಿರಲಿಲ್ಲ.

ಗಿರಿಜಾ ದಿಂಬಿನ ಕೆಳಗಿಂದ ಒಂದು ಫಾರ್ಮು ತೆಗೆದಳು. ಹೊಸದಾಗಿ ನೋಂದಣಿಗೆ ಅರ್ಜಿ. ಮತ್ತೆ ಮೊದಲಿಂದ, ಕಡಿಮೆ ಎಂದರೂ ಎರಡು ವರ್ಷ. ಕೆಳಗೆ ಈವರೆಗಿನ ಮಾರ್ಗದರ್ಶಕಿಯಾಗಿ ನನ್ನ ಸಹಿ ಬೇಕಿತ್ತು. 'ಅವಧಿಯಲ್ಲಿ ಪೂರೈಸದಿರಲು ಕಾರಣ' ಎಂಬಲ್ಲಿ ಅವಳ ದುಂಡನೆಯ ಅಕ್ಷರ: ಗರ್ಭಿಣಿಯಾದ ಕಾರಣ.

"ಇದನ್ಯಾಕ ಹಿಂಗ ಬರದಿ?"

"ಆಫೀಸಿನ ಕಾರಕೂನರು ಹೇಳಿದ್ರು. ಹೆಣಮಕ್ಕಳದು ಹಂಗ ಬರದುಬಿಡ್ರಿ, ಯಾರೂ ಏನೂ ಕೇಳೂದಿಲ್ಲ ಅಂತ."

"ಖರೇ ಅಲ್ಲಲ್ಲ ಅದು. ಕುಬಸದ ದಿನಾನೂ ರಜಾ ಹಾಕಿಲ್ಲ ನೀ."

"ಖರೇ ಬರದ್ರ ನಿಮ್ಮ ಹೆಸರು ಬರತೈತ್ರಿ."

"ಬರಲಿ."

"ಮತ್ತೊಬ್ಬರನ್ನ ನಿಮ್ಮ ಕೈಕೆಳಗ ಕೊಡೂದಿಲ್ಲರಿ ಅವರು."

"ಗೊತ್ತೈತಿ."

ಆ ಎರಡು ಪದಗಳ ಮೇಲೆ ಗೆರೆ ಎಳೆದೆ. ಮೇಲಿನ ಇಕ್ಕಟ್ಟಾದ ಜಾಗದಲ್ಲಿ ಬರೆದೆ: ಬಿಲ್ಲೆಗಳನ್ನು ತೊಳೆಯುವ ಕ್ರಮವನ್ನು ನಾನು ತಪ್ಪಾಗಿ ಕಲಿಸಿದ ಕಾರಣ, ವಿದ್ಯಾರ್ಥಿನಿ ಸಂಶಯ ಪಟ್ಟರೂ ನಾನು ಕಿವಿಗೊಡದ ಕಾರಣ. ಕೆಳಗೆ ಸಹಿ ಹಾಕಿದೆ. ಅವಳು ತೆಗೆದುಕೊಂಡು ಓದಿದಳು. ಒಂದು ಕೈ ಹೊಟ್ಟೆಯ ಮೇಲಿತ್ತು, ಅದನ್ನು ತೆಗೆದು ಎರಡೂ ಕೈಯಲ್ಲಿ ಫಾರ್ಮು ಹಿಡಿದು ಮತ್ತೊಮ್ಮೆ ಓದಿದಳು.

ಮಡಚಲೆಂದು ಅವಳು ಅದನ್ನು ತೊಡೆಯ ಮೇಲೆ ಹಾಸಿದಾಗ, ಆವರೆಗೆ ನಾನು ನೋಡಿರದ ಹಾಳೆಯ ಮೇಲ್ಭಾಗ ಕಂಡಿತು. ಅವಳ ಹೆಸರು, ತಂದೆಯ ಹೆಸರು, ಗಂಡನ ಹೆಸರು, ವಿಷಯ, ಎಲ್ಲ ತುಂಬಿದ್ದಳು. 'ಮುಂದಿನ ಮಾರ್ಗದರ್ಶಕರು' ಎಂಬಲ್ಲಿ ಮಾತ್ರ ಚುಕ್ಕೆಗಳ ಸಾಲು ಹಾಗೇ ಇತ್ತು. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಅದನ್ನ ಆಮ್ಯಾಲೆ ತುಂಬತೇನ್ರಿ," ಎಂದಳು.

"ಆತು," ಎಂದೆ.